ಮನೆ ಬಾಡಿಗೆಗೆ ಉಂಟು: ಕರಾವಳಿಯ ಒಬ್ಬ ಹಾಸ್ಯ ಕಲಾವಿದೆಯ ಪ್ರಕರಣ

ಈ ಪ್ರಕರಣ ಮಂಗಳೂರು, ಉಡುಪಿ ಕಡೆ ವೇದಿಕೆ ಹತ್ತುವ ಒಬ್ಬ ಹಾಸ್ಯ ಕಲಾವಿದೆಯದ್ದು. ಅವಳ ಎಷ್ಟೋ ಕಾರ್ಯಕ್ರಮಗಳಿಗೆ ಹಾಲ್ ಗೊತ್ತು ಮಾಡಿದ್ದು, ಮೈಕು ನೋಡಿಕೊಂಡದ್ದು, ಬಾಗಿಲಲ್ಲಿ ನಿಂತು ಟಿಕೆಟ್ ಹರಿದದ್ದು ನಾನು. ಹಾಗಾಗಿ ಒಳಗಿನಿಂದ ನೋಡಿದ ವಿಷಯ ಇದು. ಹೆಸರು, ಮನೆತನ, ಕೆಲಸ, ಹಾಲ್, ವರ್ಷ ಎಲ್ಲ ತೆಗೆದಿದ್ದೇನೆ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಅವಳು ಓದಿ ಒಪ್ಪಿದ ಮೇಲೆಯೇ ಇದು ಹೊರಗೆ ಬರುತ್ತಿದೆ. ನನ್ನನ್ನು ಅಣ್ಣ ಎನ್ನುವವಳು, ಅದಕ್ಕೆ 'ಅವಳು' ಎಂದೇ ಬರೆಯುತ್ತೇನೆ.

ಬರೆಯಲು ಕಾರಣ ಇದೆ. ಈಗ ನಮ್ಮ ಕಡೆ ಮೈಕು ಹಿಡಿಯುವ ಹುಡುಗರು, ಹುಡುಗಿಯರು ಜಾಸ್ತಿ ಆಗಿದ್ದಾರೆ. ಅದು ಒಳ್ಳೆಯದೇ. ಆದರೆ ಗಡಿ ದಾಟುವುದು ಎಂದರೆ ಬೈಗುಳ ಬಳಸುವುದು, ಇಲ್ಲವೇ ಯಾರಾದರೂ ದೊಡ್ಡವರ ಹೆಸರು ಹಿಡಿದು ಎಳೆಯುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಇವಳು ವೇದಿಕೆಯಲ್ಲಿ ಒಂದು ಬೈಗುಳ ಆಡಿದವಳಲ್ಲ. ಯಾವ ಪಕ್ಷದ ಸುದ್ದಿಗೂ ಹೋದವಳಲ್ಲ. ಆದರೂ ಹಾಲ್‌ಗಳ ಬಾಗಿಲು ಮುಚ್ಚಿತು. ಅದು ಹೇಗಾಯಿತು, ಯಾವ ಹಂತದಲ್ಲಿ ಏನು ನಿರ್ಧಾರ ತೆಗೆದುಕೊಂಡಳು ಎನ್ನುವುದು ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹಿನ್ನೆಲೆ

ನಮ್ಮ ಊರಿನಲ್ಲಿ ನಗಿಸುವವರಿಗೆ ಬರ ಇಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರನ ಸ್ಥಾನವೇ ಬೇರೆ. ಬಾಹುಕ, ದಾರುಕ, ರಜಕ, ಮಂಥರೆ ಎಲ್ಲ ಅವನ ಪಾಲಿನ ವೇಷಗಳು. ರಾಜನ ಎದುರು ನಿಂತು ಊರಿನ ಸುದ್ದಿ ಎತ್ತುವ ಸಲುಗೆ ರಂಗದಲ್ಲಿ ಅವನಿಗೆ ಇದ್ದಷ್ಟು ಬೇರೆ ಯಾರಿಗೂ ಇಲ್ಲ. ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನನ್ನು ನೋಡಿದವರು ಇವತ್ತಿಗೂ ಆ ಮಾತು ತೆಗೆಯುತ್ತಾರೆ. ಇನ್ನು ತುಳು ನಾಟಕ. ಪುರಭವನದಲ್ಲೋ ಡಾನ್ ಬಾಸ್ಕೊ ಹಾಲ್‌ನಲ್ಲೋ ಒಳ್ಳೆಯ ತಂಡದ ನಾಟಕ ಇದ್ದರೆ ಮನೆಮಂದಿಯೆಲ್ಲ ಹೊರಡುತ್ತಾರೆ. 2011ರ ನಂತರ ಆ ಹಾಸ್ಯ ತುಳು ಸಿನಿಮಾಕ್ಕೂ ದಾಟಿ ದುಡ್ಡು ಮಾಡಿತು.

ಇವಳು ಬೆಳೆದದ್ದು ಈ ಎರಡರ ನಡುವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹರಕೆಯ ಯಕ್ಷಗಾನ ಆಟ ಇದ್ದ ರಾತ್ರಿ ಗದ್ದೆಯಲ್ಲಿ ಚಾಪೆ ಹಾಸಿ ಮಲಗಿ, ಹಾಸ್ಯಗಾರ ಬಂದಾಗ ಮಾತ್ರ ಎಬ್ಬಿಸು ಎಂದು ಅಜ್ಜನಿಗೆ ಹೇಳಿಡುತ್ತಿದ್ದಳಂತೆ. ಕೆಲಸಕ್ಕೆಂದು ಮಂಗಳೂರಿಗೆ ಬಂದ ಮೇಲೆ ಒಂದು ಕೆಫೆಯ ಓಪನ್ ಮೈಕ್‌ನಲ್ಲಿ ಶುರು ಮಾಡಿದಳು. ಮೊದಮೊದಲು ಮುಂಬಯಿ, ಬೆಂಗಳೂರಿನವರ ಧಾಟಿ. ಬಾಸು, ಡೇಟಿಂಗು, ಟ್ರಾಫಿಕ್ಕು. ಮಂಗಳೂರಿನಲ್ಲಿ ಕೂತು ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ಜೋಕು ಹೇಳಿದರೆ ಯಾರು ನಗುತ್ತಾರೆ?

ಅವಳು ನಿಜವಾಗಿ ಕ್ಲಿಕ್ ಆದದ್ದು ಮಾತಿನ ಧಾಟಿ ಅನುಕರಿಸಲು ಶುರು ಮಾಡಿದಾಗ. ಕೊಂಕಣಿ ಮಾಮಿ, ಬ್ಯಾರಿ ವ್ಯಾಪಾರಿ, ಬಂಟರ ಯಜಮಾನ, ಅಡುಗೆ ಭಟ್ರು, ಬಾಯಮ್ಮ, ಮೀನು ಮಾರುವ ಅಕ್ಕ. ಒಂದೇ ಉಸಿರಿನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹಾರುತ್ತಿದ್ದಳು. ಕಿವಿ ಅಷ್ಟು ಚುರುಕು. ಕಂಪನಿಗಳ ವಾರ್ಷಿಕೋತ್ಸವ, ಮೆಹೆಂದಿ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಯುವಕ ಮಂಡಲದ ಕಾರ್ಯಕ್ರಮ ಎಲ್ಲ ಕಡೆಯಿಂದ ಕರೆ. ಡಿಸೆಂಬರ್‌ನಿಂದ ಮೇ ತನಕ ಶನಿವಾರ, ಆದಿತ್ಯವಾರ ಒಂದೂ ಖಾಲಿ ಇರಲಿಲ್ಲ. ಸಂಬಳಕ್ಕಿಂತ ಇದೇ ಜಾಸ್ತಿ ಬರುತ್ತಿತ್ತು.

ಸಮಸ್ಯೆ ಎಲ್ಲಿ ಶುರುವಾಯಿತು

ಒಂದು ಯುವಕ ಮಂಡಲದ ವಾರ್ಷಿಕೋತ್ಸವ. ಕಾರ್ಯಕ್ರಮ ಮುಗಿದು ನಾವು ಕುರ್ಚಿಗಳ ಮಧ್ಯೆ ವಯರು ಸುತ್ತುತ್ತಿದ್ದೆವು. ಒಬ್ಬ ಹೆಂಗಸು ಹತ್ತಿರ ಬಂದರು. ಸುಮಾರು ಅರವತ್ತು ವರ್ಷ. ಹತ್ತಿರದ ಮಾರುಕಟ್ಟೆಯಲ್ಲಿ ಮೀನು ಮಾರುವವರು. ಇವಳ ಕೈ ಹಿಡಿದು ತುಳುವಿನಲ್ಲಿ ಹೇಳಿದರು. "ಮಗಳೇ, ನನ್ನ ಸ್ವರ ಸರಿಯಾಗಿ ಹಿಡಿದಿದ್ದೀ. ಆದರೆ ನಾನು ಏನು ಹೇಳುತ್ತೇನೆ ಅಂತ ನೀನು ಹೇಳಲೇ ಇಲ್ಲ." ಸಿಟ್ಟಿನಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿದ್ದು. ಹೇಳಿ, ಮೊಮ್ಮಗನನ್ನು ಕರೆದುಕೊಂಡು ಹೋಗಿಬಿಟ್ಟರು.

ಮನೆಗೆ ಬರುವಾಗ ಕಾರಿನಲ್ಲಿ ಇವಳು ಮಾತೇ ಆಡಲಿಲ್ಲ. ಮರುದಿನ ಫೋನು ಮಾಡಿ, "ಅಣ್ಣ, ನನ್ನ ಇಡೀ ಐಟಂನಲ್ಲಿ ಆ ಅಕ್ಕ ಒಂದೇ ಕೆಲಸ ಮಾಡ್ತಾಳೆ. ರೇಟು ಹೇಳ್ತಾಳೆ, ಬೈತಾಳೆ. ಬೇರೆ ಎಂತದೂ ಇಲ್ಲ" ಎಂದಳು. ಹೌದು. ಆರು ಪಾತ್ರಗಳಿಗೂ ಅದೇ ಗತಿ. ಎಲ್ಲರೂ ಮಾತಾಡುತ್ತಿದ್ದರು, ಯಾರೂ ಏನನ್ನೂ ಹೇಳುತ್ತಿರಲಿಲ್ಲ. ಜನ ನಗುತ್ತಿದ್ದದ್ದು ತಮ್ಮವರಲ್ಲದವರ ಮಾತಿನ ಧಾಟಿಗೆ.

ಹಾಸ್ಯದ ಚರಿತ್ರೆಯಲ್ಲಿ ಈ ತಿರುವು ಹೊಸದಲ್ಲ. 1979ರ ಮೇ ತಿಂಗಳಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಮಿಡಿ ಸ್ಟೋರ್ ಎಂಬ ಹಾಸ್ಯ ಕ್ಲಬ್ ತೆರೆಯಿತು. ಅಲೆಕ್ಸಿ ಸೇಲ್ ಅಲ್ಲಿನ ಮೊದಲ ನಿರೂಪಕ. ಅಲ್ಲಿಂದ ಬೆಳೆದದ್ದೇ ಪರ್ಯಾಯ ಹಾಸ್ಯ. ಅಲ್ಲಿಯ ತನಕ ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಅತ್ತೆ, ಹೆಂಡತಿ, ಕಪ್ಪು ಜನ, ಐರಿಷ್ ಜನ ಇವರ ಮೇಲಿನ ಜೋಕುಗಳಿಗೇ ಬೆಲೆ. ಹೊಸಬರು ಅದನ್ನು ಬಿಟ್ಟು ತಮ್ಮ ಕಾಲದ ಬದುಕಿನ ಬಗ್ಗೆ ಮಾತಾಡಿದರು. ಕಟ್ಟಿಟ್ಟ ಜೋಕಿನ ಅಚ್ಚನ್ನೇ ಒಡೆದರು. ಅಮೆರಿಕದಲ್ಲಿ ಆ್ಯಂಡಿ ಕಾಫ್‌ಮನ್ ಕೂಡ ಅದೇ ಹೊತ್ತಿಗೆ ಬೇರೆ ದಾರಿಯಲ್ಲಿದ್ದರು. ನಗಲು ಬಂದವರ ಎದುರು ಕಾದಂಬರಿಯೊಂದನ್ನು ಓದುತ್ತಾ ನಿಂತುಬಿಡುತ್ತಿದ್ದರು. ಇವಳು ಇದನ್ನೆಲ್ಲ ಓದಿದಳು, ನೋಡಿದಳು. ಆದರೆ ಅವರ ಧಾಟಿಯನ್ನು ಎತ್ತಿ ತರಲಿಲ್ಲ. ಒಮ್ಮೆ ಬೆಂಗಳೂರಿನವರ ನಕಲು ಮಾಡಿ ಆಗಿತ್ತಲ್ಲ. ನಮ್ಮಲ್ಲಿ ಇದಕ್ಕೆ ಹೊಂದುವ ಅಚ್ಚು ಯಾವುದಿದೆ ಎಂದು ಹುಡುಕಿದಳು. ಸಿಕ್ಕಿದ್ದು ತಾಳಮದ್ದಳೆ.

ಹೊಸ ಪ್ರಯೋಗ

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ, ವಾದ ಮಾಡುತ್ತಾರೆ. ಆ ಮಾತಿಗೇ ಅರ್ಥ ಎನ್ನುವುದು. ಇವಳು ಎರಡೂ ಬದಿಯ ಅರ್ಥ ತಾನೇ ಹೇಳುವುದು ಎಂದು ಹೊರಟಳು. ಒಂದು ಮೇಜು, ಎರಡು ಕುರ್ಚಿ. ಎಡಗಡೆ ಕೂತರೆ ಮನೆ ಹುಡುಕುವ ಹುಡುಗಿ, ಬಲಗಡೆ ಕೂತರೆ ಮನೆ ಯಜಮಾನ. ಪ್ರಸಂಗ: ಮನೆ ಬಾಡಿಗೆಗೆ ಉಂಟು.

"ಹಲೋ, ಮನೆ ಬಾಡಿಗೆಗೆ ಉಂಟಂತೆ?"

"ಉಂಟು ಉಂಟು. ನೀರಿಗೆ ತೊಂದರೆ ಇಲ್ಲ. ಎಷ್ಟು ಮಂದಿ ನೀವು?"

"ನಾನು ಒಬ್ಬಳೇ."

"ಹಾಂ. ಊರು ಎಲ್ಲಿ ಆಯ್ತು?"

ಹುಡುಗಿ ಊರು ಹೇಳುತ್ತಾಳೆ. "ಅಲ್ಲಿ ಎಲ್ಲಿ?" ಪೇಟೆ ಹತ್ತಿರ. "ಪೇಟೆ ಹತ್ತಿರ ಯಾವ ಕಡೆ?" ಶಾಲೆಯ ಹಿಂದೆ. "ಯಾವ ಶಾಲೆ?" ಸರ್ಕಾರಿ ಶಾಲೆ. "ಮನೆ ಹೆಸರೆಂತ?" ಹೆಸರಿಟ್ಟಿಲ್ಲ. "ತಂದೆಯ ಹೆಸರೆಂತ ಆಯ್ತು?" ಸುಂದರ. "ಬರೇ ಸುಂದರವಾ?" ಬರೇ ಸುಂದರ. "ಮೀನು ಗೀನು ಮಾಡ್ತೀರಾ?" ಸಿಕ್ಕಿದರೆ ಮಾಡ್ತೇನೆ. "ಸಿಗದಿದ್ದರೆ?"

ನಮ್ಮ ಕಡೆಯ ಓದುಗರಿಗೆ ಹೇಳಬೇಕಿಲ್ಲ. ಯಜಮಾನ ಕೇಳಬೇಕಾದದ್ದು ಒಂದೇ. 'ಯಾವ ಜನ?' ಅಂದರೆ ಯಾವ ಜಾತಿ ಎಂದು. ಆ ಪ್ರಶ್ನೆ ಬಾಯಿಂದ ಬರುವುದೇ ಇಲ್ಲ. ಅದರ ಸುತ್ತ ಇಪ್ಪತ್ತು ನಿಮಿಷ ಸುತ್ತುತ್ತಾನೆ. ಹುಡುಗಿಯೂ ಸುಳ್ಳು ಹೇಳುವುದಿಲ್ಲ, ಗುಟ್ಟೂ ಬಿಡುವುದಿಲ್ಲ. 'ಊರು ಎಲ್ಲಿ ಆಯ್ತು' ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ಸುಮ್ನೆ, ಆಮೇಲೆ ಪ್ರೀತಿಯಿಂದ, ಆಮೇಲೆ ಗದರಿ, ಕೊನೆಗೆ ಅಂಗಲಾಚಿ. ಜನ ನಗುತ್ತಾರೆ, ನಗು ನಿಲ್ಲಿಸುತ್ತಾರೆ, ಮತ್ತೆ ನಗುತ್ತಾರೆ.

ಬರೆದ ಹಾಗೆ ವೇದಿಕೆಯಲ್ಲಿ ಬರಲಿಲ್ಲ. ಮೊದಲಿನ ಕೆಲವು ಕಾರ್ಯಕ್ರಮ ಪೂರಾ ಬಿದ್ದವು. ಹತ್ತು ನಿಮಿಷ ಆಗುವಾಗ ಮೊಬೈಲು ಬೆಳಕು ಕಾಣಲು ಶುರು. ಒಬ್ಬರು ಎದ್ದು ಹೋಗುವಾಗ ನನ್ನ ಹತ್ತಿರ, "ನಾವು ನಗಾಡ್ಲಿಕ್ಕೆ ಬಂದದ್ದು ಮಾರಾಯ್ರೆ" ಎಂದರು. ಅವರ ಮಾತೂ ಸರಿಯೇ, ಟಿಕೆಟ್ ತೆಗೆದು ಬಂದವರು.

ಸರಿಪಡಿಸಲು ಏನೇನು ಮಾಡಿದಳು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು, ಹಳೆಯ ಮಿಮಿಕ್ರಿಯಿಂದ ನಗಿಸಿ, ಜನ ಬಿಸಿಯಾದ ಮೇಲೆ ಇದಕ್ಕೆ ಇಳಿಯುವುದು ಎಂದು ನೋಡಿದಳು. ಅದು ಇನ್ನೂ ಕೆಟ್ಟಿತು. ಮೊದಲರ್ಧ ಇಷ್ಟಪಟ್ಟವರಿಗೆ ಎರಡನೇ ಅರ್ಧ ಮೋಸದ ಹಾಗೆ ಕಂಡಿತು. ಆಮೇಲೆ, 'ಇದು ಬೇರೆ ತರಹದ ಹಾಸ್ಯ, ತಾಳ್ಮೆ ಇರಲಿ' ಎಂದು ಮೊದಲೇ ಹೇಳಿ ಶುರು ಮಾಡಿದಳು. ಆಗ ಜನ ಭಾಷಣ ಕೇಳುವವರ ಹಾಗೆ ಕೈಕಟ್ಟಿ ಕೂತರು.

ಮೂರನೆಯದ್ದು ಜಾಗಟೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಪದ ಹೇಳುವ ಭಾಗವತರ ಕೈಯಲ್ಲಿರುತ್ತದಲ್ಲ, ಅಂಥದ್ದೇ ಒಂದು ಸಣ್ಣ ಕಂಚಿನ ಜಾಗಟೆ. ಅದನ್ನು ಮೇಜಿನ ಮೇಲೆ ಇಟ್ಟಳು. ಯಜಮಾನನ ಪ್ರತಿ ಪ್ರಶ್ನೆ ಮುಗಿದ ಕೂಡಲೇ ಒಂದು ಪೆಟ್ಟು. ಬರೀ ಒಂದು. ಆ ನಾದ ಪೂರ್ತಿ ಅಡಗುವ ತನಕ ಹುಡುಗಿ ಉತ್ತರ ಕೊಡುವುದಿಲ್ಲ. ಸುಮ್ಮನೆ ಯಜಮಾನನ ಖಾಲಿ ಕುರ್ಚಿ ನೋಡುತ್ತಾಳೆ. ಈ ಸಣ್ಣ ವಿಷಯ ಇಡೀ ಪ್ರಯೋಗದ ಗತಿ ಬದಲಿಸಿತು. ನಾದ ಅಡಗುವ ಆ ಎರಡು ಮೂರು ಕ್ಷಣದಲ್ಲಿ ಜನ ಉತ್ತರವನ್ನು ತಾವೇ ಯೋಚಿಸುತ್ತಿದ್ದರು. ಉತ್ತರ ಬಂದಾಗ ಅದು ಅವರು ಯೋಚಿಸಿದ್ದಲ್ಲ. ನಗು ಅಲ್ಲಿ ಬಂತು. ಎಲ್ಲಿ ನಗಬೇಕು ಎಂದು ಜನರಿಗೆ ದಾರಿ ಸಿಕ್ಕಿತು. ಪಂಚ್ ಲೈನ್ ಇಲ್ಲದ ಹಾಸ್ಯ ಮಾಡುವವರು ಇದನ್ನು ಗಮನಿಸಬೇಕು. ಹಳೆಯ ಅಚ್ಚು ತೆಗೆದಾಗ ಅದರ ಜಾಗಕ್ಕೆ ಬೇರೆ ಒಂದು ಲಯ ಕೊಡಲೇಬೇಕು. ಇಲ್ಲದಿದ್ದರೆ ನೋಡುವವರು ನಡುದಾರಿಯಲ್ಲಿ ಕೈಬಿಡುತ್ತಾರೆ.

ಮಾಷ್ಟ್ರು ಹೇಳಿದ್ದು

ಒಂದು ದಿನ ಹಿರಿಯ ಅರ್ಥಧಾರಿಯೊಬ್ಬರು ನೋಡಲು ಬಂದರು. ನಿವೃತ್ತ ಶಿಕ್ಷಕರು, ಎಲ್ಲರೂ ಮಾಷ್ಟ್ರೇ ಎಂದು ಕರೆಯುವವರು. ಜಾಗಟೆ ಬಳಸಿದ್ದಕ್ಕೆ ಬೈಯಬಹುದು ಎಂದು ನಮಗೆ ಹೆದರಿಕೆ ಇತ್ತು. ಅದರ ಬಗ್ಗೆ ಅವರು ಮಾತೇ ಎತ್ತಲಿಲ್ಲ. ಚಾ ಕುಡಿಯುತ್ತಾ, "ಪೀಠಿಕೆ ಉದ್ದ ಆಯ್ತು" ಎಂದರು. ಆಮೇಲೆ ಹೇಳಿದ್ದು ಇದು. "ನಿನ್ನ ಯಜಮಾನ ಬರೀ ಪೆದ್ದ. ಪೆದ್ದನನ್ನು ಗೆದ್ದರೆ ಎಂತ ಬಂತು? ಕೌರವನ ಅರ್ಥ ಹೇಳುವವನು ಬಲವಾಗಿ ಹೇಳದಿದ್ದರೆ ಕೃಷ್ಣನ ಅರ್ಥಕ್ಕೆ ಕೆಲಸವೇ ಇಲ್ಲ ಮಗಾ. ಎದುರಾಳಿಗೆ ನ್ಯಾಯ ಕೊಡು."

ನನ್ನ ಪ್ರಕಾರ ಈ ಪ್ರಕರಣದ ದೊಡ್ಡ ತಿರುವು ಇದೇ. ಆಮೇಲೆ ಬಂದ ಗಲಾಟೆ ಎಷ್ಟು ಜೋರಾಗಿದ್ದರೂ ಎರಡನೆಯದ್ದು.

ಅವಳು ಯಜಮಾನನನ್ನು ಮೊದಲಿಂದ ಬರೆದಳು. ಮನೆ ಬಾಡಿಗೆಗೆ ಕೊಡುವ ಹಲವರ ಹತ್ತಿರ ಹೋಗಿ ಮಾತಾಡಿದಳು. ಅವರ ಭಯ ಏನು, ನೆಂಟರು ಏನು ಹೇಳುತ್ತಾರೆ, ಹಿಂದೆ ಯಾರು ಬಾಡಿಗೆ ಕೊಡದೆ ಹೋದರು, ಎಲ್ಲ ಕೇಳಿ ಬರೆದುಕೊಂಡಳು. ಹೊಸ ಯಜಮಾನ ಒಳ್ಳೆಯ ಮನುಷ್ಯ. ಹುಡುಗಿಗೆ ರಾತ್ರಿ ಬಸ್ಸು ಸಿಗುತ್ತದಾ ಎಂದು ಚಿಂತೆ ಮಾಡುತ್ತಾನೆ. ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ ಎಂದು ನಿಜ ಹೇಳುತ್ತಾನೆ. ಹಾಗಿದ್ದೂ ಆ ಪ್ರಶ್ನೆ ಬಿಡಲು ಅವನಿಂದ ಆಗುವುದಿಲ್ಲ. "ನನಗೆ ಎಂತ ಇಲ್ಲ. ನನ್ನ ಅಮ್ಮನಿಗೆ ಆಗುವುದಿಲ್ಲ." ಜಾಗಟೆ. "ಅಮ್ಮ ತೀರಿಹೋಗಿ ವರ್ಷ ಮೂರಾಯ್ತು. ಆದರೂ ಆಗುವುದಿಲ್ಲ."

ಪೆದ್ದ ಯಜಮಾನನಿಗೆ ನಕ್ಕವರು 'ನಮ್ಮ ಊರಲ್ಲಿ ಇಂಥವರು ಇದ್ದಾರೆ' ಎನ್ನುತ್ತಿದ್ದರು. ಈ ಯಜಮಾನನನ್ನು ನೋಡಿದವರು ತಮ್ಮ ಮಾವನನ್ನು ಕಂಡರು, ತಂದೆಯನ್ನು ಕಂಡರು. ಉಡುಪಿಯ ಒಂದು ಪ್ರದರ್ಶನದಲ್ಲಿ ಹುಡುಗಿ ಉತ್ತರ ತಪ್ಪಿಸುತ್ತಲೇ ಇದ್ದಾಗ ಹಿಂದಿನ ಸಾಲಿನಿಂದ ಯಾರೋ, "ಹೇಳಿಬಿಡು ಮಾರಾಯ್ತಿ!" ಎಂದು ಕೂಗಿದರು. ಇಡೀ ಹಾಲ್ ನಕ್ಕಿತು. ಮರುಕ್ಷಣ ಎಲ್ಲರೂ ಸುಮ್ಮನಾದರು. ತಾವೂ ಅದೇ ಉತ್ತರಕ್ಕೆ ಕಾಯುತ್ತಿದ್ದೇವೆ ಎಂದು ಎಲ್ಲರಿಗೂ ಒಟ್ಟಿಗೆ ಗೊತ್ತಾಯಿತು. ಅವಳು ಜಾಗಟೆ ಕೈಯಲ್ಲಿ ಹಿಡಿದುಕೊಂಡು, ಬಾರಿಸದೆ, ಆ ಕೂಗು ಬಂದ ಕಡೆ ನೋಡುತ್ತಾ ಕೂತಳು. ಗಡಿ ದಾಟುವ ಹಾಸ್ಯ ಎಂದರೆ ನನಗೆ ಈಗಲೂ ನೆನಪಾಗುವುದು ಆ ಮೌನ. ಕಾರ್ಯಕ್ರಮ ಮುಗಿದ ಮೇಲೆ ಇಬ್ಬರು ಮೂವರು ಬಂದು, "ನಿಜವಾಗಿ ನೀನು ಯಾವ ಜನ?" ಎಂದು ಕೇಳಿದ್ದೂ ಉಂಟು. ಅವಳು ಅದನ್ನು ಯಾರಿಗೂ ಹೇಳುವುದಿಲ್ಲ. ಇಲ್ಲಿ ನಾನೂ ಹೇಳುವುದಿಲ್ಲ.

ತುಂಡು ವಿಡಿಯೋ

ಆ ಹೊತ್ತಿಗೆ ಪ್ರಯೋಗದಲ್ಲಿ ಯಜಮಾನನ ಒಂದು ಉದ್ದದ ಮಾತು ಸೇರಿತ್ತು. ಒಂದೊಂದು ಸಮುದಾಯದ ಹೆಸರು ಹಿಡಿದು, ಅವರಿಗೆ ಯಾಕೆ ಮನೆ ಕೊಡುವ ಹಾಗಿಲ್ಲ ಎಂದು ಕಾರಣ ಹೇಳುತ್ತಾ ಹೋಗುತ್ತಾನೆ. ಯಾರನ್ನೂ ಬಿಡುವುದಿಲ್ಲ. ಕೊನೆಗೆ ತನ್ನವರಿಗೂ ಬರುತ್ತಾನೆ. "ನಮ್ಮವರಿಗಂತೂ ಕೊಡಲೇಬಾರದು. ಬಾಡಿಗೆ ಕೇಳುವ ಹಾಗಿಲ್ಲ." ಅಲ್ಲಿಗೆ ಮನುಷ್ಯರು ಮುಗಿಯುತ್ತಾರೆ. ಮನೆಯಲ್ಲಿ ಉಳಿದದ್ದು ಗೆದ್ದಲು. "ಅದು ಮಾತ್ರ ಊರು ಯಾವುದು ಅಂತ ಹೇಳದೆ ಬಂದು ಕೂತಿದೆ" ಎನ್ನುತ್ತಾನೆ.

ಮಂಗಳೂರಿನ ಒಂದು ಪ್ರದರ್ಶನದಲ್ಲಿ ಯಾರೋ ಇದನ್ನು ಮೊಬೈಲಿನಲ್ಲಿ ಹಿಡಿದರು. ಹರಿದಾಡಿದ ತುಂಡು ಒಂದು ನಿಮಿಷವೂ ಇರಲಿಲ್ಲ. ಎರಡು ಸಮುದಾಯದ ಹೆಸರು ಬಂದು, ಅಲ್ಲಿಗೆ ಕಟ್. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಬ್ಬಲು ಒಂದು ಸಂಜೆ ಸಾಕಾಯಿತು. ಆ ಎರಡೂ ಕಡೆಯವರಿಗೆ ಸಿಟ್ಟು. ಇನ್ನೊಂದು ಬದಿಯಲ್ಲಿ ನಮ್ಮದೇ ಸ್ನೇಹಿತರು ಕೆಲವರು, ಇಂಥ ಮಾತುಗಳನ್ನು ಬಾಯಲ್ಲಿ ಆಡಿದ್ದೇ ತಪ್ಪು ಎಂದು ಮುನಿಸಿಕೊಂಡರು. ಮುಂದಿನ ವಾರದ ಹಾಲ್‌ನವರು ಫೋನು ಮಾಡಿ, ಸದ್ಯಕ್ಕೆ ಬೇಡ ಎಂದರು. ಅದಾದ ಮೇಲೆ ಇನ್ನೊಂದು ಹಾಲ್. ಮೆಹೆಂದಿ ಕಾರ್ಯಕ್ರಮಗಳೂ ಒಂದೊಂದಾಗಿ ಕಳಚಿಕೊಂಡವು.

ಒಬ್ಬ ವಕೀಲರನ್ನು ಕಂಡೆವು. ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ದೂರಿಗೆ ಹಳೆಯ ದಂಡ ಸಂಹಿತೆಯ 295ಎ ಬಳಸುತ್ತಿದ್ದರು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299. ಮೂರು ವರ್ಷದ ತನಕ ಶಿಕ್ಷೆ ಆಗಬಹುದು. ಬೇಕೆಂದೇ, ಕೆಟ್ಟ ಉದ್ದೇಶದಿಂದ ಮಾಡಿದ್ದು ಎಂದು ತೋರಿಸಬೇಕಾಗುತ್ತದೆ, ಹಾಗಾಗಿ ಕೇಸು ಆದರೂ ನಿಲ್ಲುವುದು ಕಷ್ಟ ಎಂದರು. ಆದರೆ ನಿಲ್ಲುವುದಿಲ್ಲ ಎಂದು ಗೊತ್ತಾಗುವ ತನಕ ಅಲೆಯಬೇಕಲ್ಲ? 2021ರ ಜನವರಿ 1ರಂದು ಇಂದೋರಿನಲ್ಲಿ ಹಾಸ್ಯ ಕಲಾವಿದ ಮುನವ್ವರ್ ಫಾರೂಕಿಯನ್ನು ಹಿಡಿದದ್ದು, ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡುವ ತನಕ ಒಳಗಿದ್ದದ್ದು ಎಲ್ಲರ ತಲೆಯಲ್ಲೂ ಇತ್ತು. ನ್ಯೂಯಾರ್ಕಿನಲ್ಲಿ 1964ರಲ್ಲಿ ಅಶ್ಲೀಲತೆಯ ಕೇಸಿನಲ್ಲಿ ಶಿಕ್ಷೆಯಾದ ಹಾಸ್ಯ ಕಲಾವಿದ ಲೆನ್ನಿ ಬ್ರೂಸ್‌ಗೆ ರಾಜ್ಯಪಾಲರ ಕ್ಷಮಾದಾನ ಸಿಕ್ಕಿದ್ದು 2003ರಲ್ಲಿ. ಅವರು ತೀರಿಹೋಗಿ ಆಗಲೇ 37 ವರ್ಷ. ಇದನ್ನೆಲ್ಲ ಓದಿದವಳಿಗೆ ಹೆದರಿಕೆ ಆಗದೆ ಇರುತ್ತದಾ? ಅವಳಿಗೂ ಆಯಿತು. ಅವಳ ಅಮ್ಮನಿಗೆ ಇನ್ನೂ ಜಾಸ್ತಿ.

ಕೈಮುಗಿದು ಕ್ಷಮೆ ಕೇಳುವ ವಿಡಿಯೋ ಹಾಕಿಬಿಡು ಎಂದು ಹೆಚ್ಚಿನವರು ಹೇಳಿದರು. ಇನ್ನು ಕೆಲವರು, ಜಗ್ಗಬೇಡ, ಪೂರ್ತಿ ವಿಡಿಯೋ ಹಾಕು ಎಂದರು. ಅವಳು ಎರಡನ್ನೂ ಮಾಡಲಿಲ್ಲ. ಸಿಟ್ಟಾದವರ ಕಾರಣಗಳೇ ಒಂದಕ್ಕೊಂದು ಉಲ್ಟಾ ಇದ್ದವು. ಯಾವುದಕ್ಕೆ ಕ್ಷಮೆ ಕೇಳುವುದು? ಪೂರ್ತಿ ವಿಡಿಯೋ ಹಾಕಿದರೆ ಅದರಿಂದ ಇನ್ನೂ ಹತ್ತು ತುಂಡು ಹುಟ್ಟುತ್ತದೆ. ಅದರ ಬದಲು, ನೇರವಾಗಿ ಫೋನು ಮಾಡಿ ಬೈದವರ ನಂಬರು ಇತ್ತಲ್ಲ, ಅವರಿಗೆ ಒಬ್ಬೊಬ್ಬರಿಗೇ ವಾಪಸ್ ಫೋನು ಮಾಡಿದಳು. "ಬನ್ನಿ, ಪೂರ್ತಿ ಮಾಡಿ ತೋರಿಸ್ತೇನೆ. ಆಮೇಲೆ ಬೈಯಿರಿ" ಎಂದಳು. ಹೆಚ್ಚಿನವರು ಫೋನು ಇಟ್ಟುಬಿಟ್ಟರು. ಕೆಲವರು ಬಂದರು.

ಒಬ್ಬ ಗೆಳತಿಯ ಮನೆಯ ಚಾವಡಿಯಲ್ಲಿ ಅವರ ಎದುರು ಪೂರ್ತಿ ಪ್ರಯೋಗ ಮಾಡಿದಳು. ಗೆದ್ದಲಿನ ಮಾತಿಗೆ ಒಬ್ಬರು ಜೋರಾಗಿ ನಕ್ಕರು. ಇನ್ನೊಬ್ಬರು, ಗಂಭೀರ ಮನುಷ್ಯ, ಕೊನೆಯ ತನಕ ಮುಖ ಸಡಿಲಿಸಲಿಲ್ಲ. ಮುಗಿದ ಮೇಲೆ ಕೇಳಿದರು. "ಅರ್ಥ ಆಯ್ತು. ನೀವು ನಮಗೆ ಬೈದದ್ದಲ್ಲ. ಆದ್ರೂ ನಮ್ಮ ಹೆಸರು ಯಾಕೆ ಬೇಕು? ಮನೆ ಸಿಗದೆ ತಿರುಗಿದವ ನಾನು. ಅದೇ ಮಾತನ್ನು ಟಿಕೆಟ್ ಕೊಟ್ಟು ಇನ್ನೊಮ್ಮೆ ಕೇಳ್ಬೇಕಾ?"

ಇದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿಯೇ ಹೆಸರುಗಳನ್ನೆಲ್ಲ ತೆಗೆದಳು. ಹೊಸ ಪಾಠದಲ್ಲಿ ಯಜಮಾನ ಯಾವ ಸಮುದಾಯದ ಹೆಸರನ್ನೂ ಹೇಳುವುದಿಲ್ಲ. "ಬೆಳಿಗ್ಗೆ ನಾಲ್ಕಕ್ಕೆ ಏಳುವವರು ಬೇಡ." ಜಾಗಟೆ. "ಆದಿತ್ಯವಾರ ಬೆಳಿಗ್ಗೆ ಮನೆಯಲ್ಲಿ ಇರದವರೂ ಬೇಡ." ಜಾಗಟೆ. "ಬೆಲ್ಲಕ್ಕೆ ತೆಂಗಿನಕಾಯಿ ಜಾಸ್ತಿ ಹಾಕುವವರು, ತೆಂಗಿನಕಾಯಿಗೆ ಬೆಲ್ಲ ಜಾಸ್ತಿ ಹಾಕುವವರು, ಇಬ್ಬರೂ ಬೇಡ." ಯಾರು ಎಂದು ತುಂಬಿಸಿಕೊಳ್ಳುವುದು ನೋಡುವವರ ಕೆಲಸ.

ಇವಳು ಬಾಗಿದಳು ಎಂದು ಬೇಸರಪಟ್ಟ ಸ್ನೇಹಿತರಿದ್ದಾರೆ. ನಾನು ಒಪ್ಪುವುದಿಲ್ಲ. ಇಡೀ ಪ್ರಯೋಗದ ಜೀವ ಇದ್ದದ್ದೇ ಆಡದೆ ಉಳಿದ ಪ್ರಶ್ನೆಯಲ್ಲಿ. ಹೆಸರು ಹಿಡಿದು ಹೇಳುವ ಆ ಭಾಗ ಮಾತ್ರ ಅದಕ್ಕೆ ಹೊಂದದೆ ಹೊರಗೆ ಚಾಚಿಕೊಂಡಿತ್ತು. ತೆಗೆದ ಮೇಲೆ ಅದು ಮೊದಲಿಗಿಂತ ಹರಿತವಾಯಿತು. ಗುಂಪಿನ ಒತ್ತಡಕ್ಕೆ ಅವಳು ಒಂದು ಶಬ್ದ ಬದಲಿಸಲಿಲ್ಲ. ಎದುರು ಕೂತು ಪೂರ್ತಿ ನೋಡಿದ ಒಬ್ಬ ಮನುಷ್ಯನ ಪ್ರಶ್ನೆಗೆ ಬದಲಿಸಿದಳು. ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು. ಗಲಾಟೆಯ ಹೊತ್ತಿನಲ್ಲಿ ಎರಡೂ ಒಂದೇ ತರಹ ಕಾಣುತ್ತದೆ, ಅದೇ ಕಷ್ಟ.

ಮಳೆಗಾಲದ ದಾರಿ

ಹಾಲ್ ಇಲ್ಲ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ್ದವು. ಮಳೆ ಹಿಡಿದಿತ್ತು. ಈ ಹೊತ್ತಿನಲ್ಲಿ ನಮ್ಮ ಕಡೆ ಚಿಕ್ಕಮೇಳದವರು ಹೊರಡುತ್ತಾರೆ. ಎರಡು ವೇಷ, ಹಿಮ್ಮೇಳದವರು, ಸಂಜೆಯಾದರೆ ಮನೆಯಿಂದ ಮನೆಗೆ. ಚಾವಡಿಯಲ್ಲಿ ಸ್ವಲ್ಪ ಹೊತ್ತು ಕುಣಿದು, ಕಾಣಿಕೆ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. "ನಾನೂ ಹಾಗೇ ಹೊರಡ್ತೇನೆ ಅಣ್ಣ" ಎಂದಳು.

ಹಾಗೇ ಆಯಿತು. ಸುರತ್ಕಲ್, ಕಾಪು, ಮಣಿಪಾಲ, ಕಾರ್ಕಳದ ಕಡೆ ಗೊತ್ತಿದ್ದವರ ಮನೆಗಳು. ಇಪ್ಪತ್ತು ಮೂವತ್ತು ಮಂದಿ. ಮೈಕು ಬೇಡ. ಮೊಬೈಲುಗಳನ್ನು ಒಂದು ಗೆರಸೆಯಲ್ಲಿ ಹಾಕಿ ದೇವರ ಕೋಣೆಯಲ್ಲೋ ಅಡುಗೆಮನೆಯಲ್ಲೋ ಇಡುವುದು. ಮುಗಿದ ಮೇಲೆ ಚಾ, ಗೋಳಿಬಜೆ. ಮನೆಯವರು ಕವರಿನಲ್ಲಿ ಕೊಟ್ಟದ್ದೇ ಸಂಭಾವನೆ. ಒಂದು ಮನೆಯ ಅಂಗಳಕ್ಕೆ ಶೀಟು ಹಾಕಿದ್ದರು. ನಡುವೆ ಮಳೆ ಜೋರಾಗಿ ಮಾತೇ ಕೇಳದಾಯಿತು. ಯಜಮಾನನ ಪಾತ್ರದಲ್ಲಿದ್ದವಳು ಬೆರಳು ಎತ್ತಿ ಹಾಗೇ ಕೂತಳು. ಅಲುಗಲಿಲ್ಲ. ಮಳೆ ಇಳಿಯಿತು. "...ಊರು ಎಲ್ಲಿ ಆಯ್ತು?" ಎಂದಳು. ಅವತ್ತಿನಷ್ಟು ನಗು ನಾನು ಯಾವ ಹಾಲ್‌ನಲ್ಲೂ ಕೇಳಿಲ್ಲ. ಆಮೇಲೆ ಎಲ್ಲ ಪ್ರದರ್ಶನಗಳಲ್ಲೂ ಒಂದು ಪ್ರಶ್ನೆಯನ್ನು ಅರ್ಧಕ್ಕೆ ನಿಲ್ಲಿಸಿ ಕೂರುವುದನ್ನು ಇಟ್ಟುಕೊಂಡಳು.

ಮನೆಗಳಲ್ಲಿ ಇನ್ನೊಂದು ಲಾಭ ಆಯಿತು. ಮುಗಿದ ಮೇಲೆ ಜನ ಎದ್ದು ಹೋಗುತ್ತಿರಲಿಲ್ಲ. ವಾದ ಶುರುವಾಗುತ್ತಿತ್ತು. ಒಂದು ಕಡೆ ಮನೆಯ ಹಿರಿಯರು ಸ್ವತಃ ನಾಲ್ಕು ಮನೆ ಬಾಡಿಗೆಗೆ ಕೊಟ್ಟವರು. ಯಜಮಾನನ ಪರವಾಗಿ ತುಂಬ ಹೊತ್ತು ಮಾತಾಡಿದರು. ಇವಳು ಎದುರು ಮಾತಾಡಲಿಲ್ಲ, ಬರೆದುಕೊಂಡಳು. ಅವರ ಎರಡು ಮಾತು ಪ್ರಯೋಗದಲ್ಲಿ ಸೇರಿದೆ. ಮರು ವರ್ಷ ಅವರೇ ಮುಂದಿನ ಸಾಲಿನಲ್ಲಿ ಕೂತು ನೋಡಿದರು.

ಬೆಂಗಳೂರಿನ ಅನುಭವ ಬೇರೆ. ಅಲ್ಲಿ ಕರೆದು ಮಾಡಿಸಿದರು, ಜನ ಮೊದಲ ನಿಮಿಷದಿಂದಲೇ ನಕ್ಕರು. ಅವರು ನಗುತ್ತಿದ್ದದ್ದು 'ಉಂಟು', 'ಎಂತ' ಎನ್ನುವುದಕ್ಕೆ. ಕನ್ನಡ ಸಿನಿಮಾದಲ್ಲಿ ಮಂಗಳೂರು ಕನ್ನಡ ಆಡುವ ಹೋಟೆಲ್ ಮಾಲಿಕರನ್ನು ನೋಡಿ ನೋಡಿ ಆದ ಅಭ್ಯಾಸ. ಅವಳು ಬಿಟ್ಟು ಬಂದ ಮಿಮಿಕ್ರಿಯ ನಗು ಅದು. ಮುಂದಿನ ಸಲ ಯಜಮಾನನಿಗೆ ಬೆಂಗಳೂರಿನ ಕನ್ನಡ ಕೊಟ್ಟಳು. "ನಿಮ್ಮದು ವೆಜ್ಜಾ ಮೇಡಂ?" ಎಂದು ಶುರುವಾಯಿತು. ನಗು ಕಡಿಮೆಯಾಯಿತು, ಆದರೆ ಸರಿಯಾದ ಜಾಗಕ್ಕೆ ಬಂತು.

ಈಗಿನ ಸ್ಥಿತಿ

ದುಡ್ಡಿನ ಲೆಕ್ಕ ಮುಚ್ಚಿಡಬಾರದು, ಈ ದಾರಿ ಹಿಡಿಯುವವರಿಗೆ ಗೊತ್ತಿರಬೇಕು. ಮಿಮಿಕ್ರಿಯ ಕಾಲದಲ್ಲಿ ಒಂದು ಸೀಸನ್ನಿಗೆ ಬರುತ್ತಿದ್ದದ್ದರ ಅರ್ಧವೂ ಈಗ ಬರುವುದಿಲ್ಲ. ಮೆಹೆಂದಿಗೆ ಯಾರೂ ಕರೆಯುವುದಿಲ್ಲ. ಕೆಲಸ ಬಿಡುವ ಯೋಚನೆ ಇತ್ತು, ಅದನ್ನು ಕೈಬಿಟ್ಟಳು. ಕೆಲಸ ಇರುವುದರಿಂದಲೇ ಬೇಡ ಎನ್ನಿಸಿದ ಕಾರ್ಯಕ್ರಮಕ್ಕೆ ಬೇಡ ಎನ್ನಲು ಆಗುತ್ತದೆ ಎಂದು ಅವಳ ಲೆಕ್ಕ. ನನಗೂ ಅದು ಸರಿ ಕಾಣುತ್ತದೆ.

ಹಾಲ್‌ಗಳು ನಿಧಾನಕ್ಕೆ ತೆರೆಯುತ್ತಿವೆ. ಒಂದು ಕಡೆ ಮೊದಲೇ ಪೂರ್ತಿ ಬರೆದು ಕೊಡಿ ಎನ್ನುತ್ತಾರೆ. ಅವಳು ಕೊಡುವುದಿಲ್ಲ. ನೀವೇ ಬಂದು ಒಂದು ಮನೆ ಪ್ರದರ್ಶನ ನೋಡಿ ಎನ್ನುತ್ತಾಳೆ. ಅದಕ್ಕೆ ಒಪ್ಪಿದ ಕಡೆ ಮಾತ್ರ ಮಾಡುತ್ತಾಳೆ. ಇದರಿಂದ ವರ್ಷಕ್ಕೆ ನಾಲ್ಕೈದು ಪ್ರದರ್ಶನ ತಪ್ಪುತ್ತದೆ.

ಹೊಸ ಪ್ರಸಂಗ ಬರೆಯುತ್ತಿದ್ದಾಳೆ. ಅವಳ ಅಮ್ಮ ಊರಿನ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಡಲು ಹೊರಟಿದ್ದಾರೆ. ಬಂದವರ ಹತ್ತಿರ ಅಮ್ಮ ಏನೇನು ಕೇಳುತ್ತಾರೆ ಎನ್ನುವುದೇ ವಿಷಯ. ಅಮ್ಮನ ಒಪ್ಪಿಗೆ ಇಲ್ಲದೆ ವೇದಿಕೆಗೆ ತರುವುದಿಲ್ಲ ಎಂದಿದ್ದಾಳೆ. ಅಮ್ಮ ಇನ್ನೂ ಒಪ್ಪಿಲ್ಲ. ಮಾಷ್ಟ್ರಿಗೆ ಹೇಳಿದಾಗ, "ಅಮ್ಮನ ಬದಿಯ ಅರ್ಥ ಮೊದಲು ಬರೆ, ಬರೆದು ಅವರಿಗೇ ಓದಿ ಹೇಳು" ಎಂದರಂತೆ. ಈಗ ಅದನ್ನೇ ಮಾಡುತ್ತಿದ್ದಾಳೆ. ಈ ಮಳೆಗಾಲಕ್ಕೆ ಮುಗಿಯುವುದು ಕಷ್ಟ.